ಎಡಮುರಿನೋ ಬಲಮುರಿನೋ: ಔಷಧ ಹೊರೋ ನ್ಯಾನೋ ಕಣಕ್ಕೆ ಯಾವ ‘ಕೈ’ ಆರಿಸ್ಕೋಬೇಕು?

ಪ್ರತಿ ವರ್ಷ ಪ್ರಾಜೆಕ್ಟ್ ಟಾಪಿಕ್ ಫೈನಲ್ ಮಾಡೋ ಹೊತ್ತಿಗೆ ಸರಿಯಾಗಿ ಇಂಥದ್ದೊಂದು ಮೆಸೇಜ್ ಬಂದೇ ಬರತ್ತೆ. ಈ ಸಲ ಬಂದಿದ್ದು ಹೀಗಿತ್ತು: “ಅಕ್ಕಾ, ಕರ್ಕ್ಯುಮಿನ್ ಲೋಡ್ ಮಾಡೋಕೆ ಕೈರಲ್ ಸಿಲಿಕಾ ತಗೊಳ್ಲಾ, ಇಲ್ಲಾ ಎಲ್-ಸಿಸ್ಟೀನ್ ಹಾಕಿರೋ ಗೋಲ್ಡ್ ತಗೊಳ್ಲಾ? ಟೈಟಲ್‌ನಲ್ಲಿ ಕೈರಲ್ ಅನ್ನೋ ಪದ ಇರ್ಲೇಬೇಕು ಅಂತ ಗೈಡ್ ಹೇಳ್ಬಿಟ್ಟಿದಾರೆ.” ಹುಡುಗ ಎಂ.ಫಾರ್ಮ್ ಎರಡನೇ ವರ್ಷ. ಕರ್ಕ್ಯುಮಿನ್ ಅಂದ್ರೆ ಅರಿಶಿನದ ಹಳದಿ ಅಂಶ, ಅದನ್ನ ಹೊರೋಕೆ ಅವನಿಗೊಂದು ನ್ಯಾನೋ ಕಣ ಬೇಕು, ಅಂದ್ರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯೋ ಕಣ; ಸಿಲಿಕಾದ್ದಾ, ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಹೊದ್ದಿಸಿದ ಚಿನ್ನದ್ದಾ ಅಂತ ಪ್ರಶ್ನೆ. ಎರಡು ಲೈನಲ್ಲಿ ಉತ್ತರ ಹಾಕೋಣ ಅಂತ ಶುರು ಮಾಡ್ದೆ, ಆಗ್ಲಿಲ್ಲ, ಯಾಕಂದ್ರೆ ಅವನು ಕೇಳಿರೋ ಪ್ರಶ್ನೆಯಲ್ಲೇ ಒಂದು ಎಡವಟ್ಟಿದೆ, ಅದನ್ನ ಬಿಡಿಸೋಕೆ ಹೋದ್ರೆ ಎಲ್ಲಾ ಹೇಳ್ಬೇಕಾಗತ್ತೆ. ಹಂಗಾಗಿ ಉದ್ದಕ್ಕೇ ಬರೀತಿದೀನಿ, ಇದೇ ದಾರೀಲಿರೋ ಬೇರೆಯವ್ರಿಗೂ ಆಗ್ಲಿ.

ಕೈರಾಲಿಟಿ ಅನ್ನೋ ಪದ ಬಂದಿದ್ದು ಗ್ರೀಕ್ ಭಾಷೆಯ ‘ಖೈರ್’ ಇಂದ, ಅಂದ್ರೆ ಕೈ. ಕನ್ನಡದವ್ರಿಗೆ ನೆನಪಿಟ್ಕೊಳ್ಳೋಕೆ ಇದಕ್ಕಿಂತ ಸುಲಭದ್ದು ಇನ್ನೇನು ಬೇಕು. ಎಡಗೈ ಬಲಗೈ ಎರಡರಲ್ಲೂ ಅವೇ ಐದು ಬೆರಳು, ಕನ್ನಡಿಯಲ್ಲಿ ಒಂದು ಇನ್ನೊಂದರ ಥರಾನೇ ಕಾಣತ್ತೆ, ಆದ್ರೆ ಎಡಗಾಲಿನ ಶೂನ ಬಲಗಾಲಿಗೆ ತುರುಕಿದ್ರೆ ಗೊತ್ತಾಗತ್ತಲ್ಲ, ಅಷ್ಟೇ ವಿಷ್ಯ. ಕೆಲವು ಅಣುಗಳೂ ಹಂಗೇ ಎಡ ಬಲ ಅಂತ ಜೋಡಿ ಇರತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಮೆಡಿಕಲ್ ಶಾಪಿಗೆ ಹೋಗಿ ಸೆಟ್ರಿಜಿನ್, ಲಿವೋಸೆಟ್ರಿಜಿನ್ ಎರಡೂ ಸ್ಟ್ರಿಪ್ ತಗೊಂಡು ಹಿಂದೆ ತಿರುಗಿಸಿ ನೋಡಿ. ಮೊದಲನೇದು 10 ಮಿಗ್ರಾಂ, ಎರಡನೇದು 5. ಮೊದಲನೇದ್ರಲ್ಲಿ ಎರಡೂ ಕೈ ಅರ್ಧರ್ಧ ಇರತ್ತೆ, ಎರಡನೇದ್ರಲ್ಲಿ ಕೆಲಸ ಮಾಡೋ ಕೈ ಮಾತ್ರ. ಅಡುಗೆಮನೇಲೂ ಇದೆ: ಸಬ್ಬಸಿಗೆ ಬೀಜದ ಘಮ ಕೊಡೋ ಕಾರ್ವೋನ್ ಅನ್ನೋ ಅಣುವಿನ ಕನ್ನಡಿ ಬಿಂಬಕ್ಕೆ ಸ್ಪಿಯರ್‌ಮಿಂಟ್ ಚ್ಯೂಯಿಂಗ್ ಗಮ್ ವಾಸನೆ. ಅದೇ ಪರಮಾಣುಗಳು, ಅದೇ ಲೆಕ್ಕ, ಮೂಗಿಗೆ ಮಾತ್ರ ಬೇರೆ ಬೇರೆ.

ಯಾಕೆ ಹಿಂಗೆ ಅಂದ್ರೆ ನಮ್ಮ ದೇಹವೇ ಒಂದು ಕೈಯದ್ದು. ಎರಡು ಕೈಗೆ ಎಲ್, ಡಿ ಅಂತ ಹೆಸರಿಟ್ಟಿದಾರೆ; ಪ್ರೋಟೀನ್ ಕಟ್ಟಿರೋದು ಎಲ್-ಅಮೈನೋ ಆಮ್ಲಗಳಿಂದ, ಡಿಎನ್‌ಎ ಒಳಗಿರೋ ಸಕ್ಕರೆ ಡಿ, ಆ ಏಣಿ ಸುತ್ತಿರೋದು ಬಲಕ್ಕೆ. ಇಂಥ ಮನೆಗೆ ನೀವು ಒಂದು ನ್ಯಾನೋ ಕಣ ಕಳಿಸ್ತೀರ ಅಂದ್ರೆ ಅದರ ಮೇಲ್ಮೈ ಎಡವೋ ಬಲವೋ ಅನ್ನೋದು ಲೆಕ್ಕಕ್ಕೆ ಬರಬಹುದು. ಬರಬಹುದು ಅಂದೆ, ಬಂದೇ ಬರತ್ತೆ ಅಂದಿಲ್ಲ. ಇಡೀ ಬರಹದ ತಕರಾರು ಇರೋದೇ ಇಲ್ಲಿ.

ಹೆಸರಿನ ಗೊಂದಲ ಮೊದ್ಲು ಮುಗಿಸ್ಬಿಡೋಣ, ಎಷ್ಟು ಜನ ಇಲ್ಲೇ ಎಡವ್ತಾರೆ ಅಂದ್ರೆ. ಎಲ್ ಅಂದ್ರೆ ಬೆಳಕನ್ನ ಎಡಕ್ಕೆ ತಿರುಗಿಸತ್ತೆ ಅಂತಲ್ಲ. ಎಲ್/ಡಿ ಒಂದು ಪದ್ಧತಿ, ಆರ್/ಎಸ್ ಇನ್ನೊಂದು, ಬೆಳಕು ತಿರುಗೋ ದಿಕ್ಕು ಹೇಳೋ ಪ್ಲಸ್/ಮೈನಸ್ ಮೂರನೇದು, ಮೂರೂ ಒಂದಕ್ಕೊಂದು ತಾಳೆ ಆಗ್ಬೇಕಂತಿಲ್ಲ. ಹೆಚ್ಚಿನ ಎಲ್-ಅಮೈನೋ ಆಮ್ಲಗಳು ಎಸ್ ಆಗಿರ್ತವೆ, ಎಲ್-ಸಿಸ್ಟೀನ್ ಮಾತ್ರ ಗಂಧಕ ಇರೋದ್ರಿಂದ ಆರ್ ಆಗ್ಬಿಡತ್ತೆ. ಬಲಮುರಿ ಶಂಖದ ಕತೆ ಗೊತ್ತಲ್ವಾ, ಪೂಜೆಗೆ ಅಪರೂಪ ಅಂತ ಇಡೋ ಬಲಮುರಿ ಶಂಖವನ್ನ ಪ್ರಾಣಿಶಾಸ್ತ್ರದವ್ರು ಎಡಕ್ಕೆ ತಿರುಗಿದ್ದು ಅಂತಾರೆ, ಶಂಖ ಒಂದೇ, ಹಿಡಿದು ನೋಡೋ ದಿಕ್ಕು ಬೇರೆ. ಇನ್ನೂ ಒಂದು: ಪ್ರೋಟೀನಲ್ಲಿ ಎಲ್ ಸಹಜ, ಡಿಎನ್‌ಎನಲ್ಲಿ ಡಿ ಸಹಜ. ‘ಎಲ್ ಅಂದ್ರೆ ನ್ಯಾಚುರಲ್’ ಅಂತ ಬಾಯಿಪಾಠ ಮಾಡ್ಕೊಂಡಿರೋರು ಎಲ್-ಡಿಎನ್‌ಎ ಪೇಪರ್ ಓದುವಾಗ ತಲೆ ಕೆಡಿಸ್ಕೋತಾರೆ.

ಆಯ್ಕೆ ಮಾಡೋಕೆ ಮುಂಚೆ ಒಂದೇ ಪ್ರಶ್ನೆ

ನಿಮ್ಮ ಸಿಸ್ಟಮ್ಮಲ್ಲಿ ಈ ಕೈ ಎಲ್ಲಿ ಕೆಲಸ ಮಾಡ್ಬೇಕು? ಔಷಧದ ಅಣುವನ್ನ ಆರಿಸೋದ್ರಲ್ಲಾ, ಕಣ ಬೇಗ ಕರಗಬೇಕೋ ನಿಧಾನಕ್ಕೋ ಅನ್ನೋದ್ರಲ್ಲಾ, ಸೆಲ್ಲಿನ ಗೋಡೆಗೆ ಅಂಟೋದ್ರಲ್ಲಾ, ಎನ್‌ಜೈಮ್ ಬಾಯಿಂದ ತಪ್ಪಿಸ್ಕೊಳ್ಳೋದ್ರಲ್ಲಾ, ಅಥವಾ ಕಣದ ಆಕಾರವೇ ಸ್ಕ್ರೂ ಥರ ತಿರುಗಿ ಮುಂದೆ ಹೋಗ್ಬೇಕಾ? ಐದಕ್ಕೂ ಐದು ಬೇರೆ ಮೆಟೀರಿಯಲ್ ಬೇಕು. ಇದನ್ನ ಕೇಳ್ಕೊಳ್ಳದೇ ಸಿಲಿಕಾನಾ ಗೋಲ್ಡಾ ಅಂದ್ರೆ, ಊರಿಗೆ ಹೋಗ್ಬೇಕಾ ತೋಟಕ್ಕೆ ಹೋಗ್ಬೇಕಾ ಅಂತ ಗೊತ್ತಿಲ್ದೇ ಬಸ್ಸಾ ಟ್ರ್ಯಾಕ್ಟರಾ ಅಂತ ಕೇಳಿದಂಗೆ.

ಔಷಧವನ್ನೇ ಆರಿಸೋ ಆಸೆ ಇದ್ರೆ

ಔಷಧ ಎರಡೂ ಕೈ ಬೆರೆತ ಮಿಶ್ರಣ ಆಗಿದ್ದು, ಒಂದನ್ನ ಬೇಗ ಬಿಟ್ಟು ಇನ್ನೊಂದನ್ನ ತಡೆಹಿಡಿಯೋ ಕಣ ಮಾಡೋಣ ಅನ್ನೋ ಐಡಿಯಾ ಪೇಪರಲ್ಲಿ ತುಂಬಾ ಚೆನ್ನಾಗಿ ಕಾಣತ್ತೆ. ಇದಕ್ಕೆ ಮುಖ್ಯವಾಗಿ ಎರಡು ಸಾಮಾನು ಇದೆ, ಸೈಕ್ಲೋಡೆಕ್ಸ್‌ಟ್ರಿನ್ ಮತ್ತೆ ಕೈರಲ್ ಸಿಲಿಕಾ.

ಸೈಕ್ಲೋಡೆಕ್ಸ್‌ಟ್ರಿನ್ ಅಂದ್ರೆ ಗ್ಲೂಕೋಸ್ ಅಣುಗಳು ಕೈ ಕೈ ಹಿಡ್ಕೊಂಡು ಮಾಡಿರೋ ಬಳೆ. ಆಲ್ಫಾದಲ್ಲಿ 6, ಬೀಟಾದಲ್ಲಿ 7, ಗಾಮಾದಲ್ಲಿ 8. ಬಳೆ ಒಳಗಿನ ಜಾಗಕ್ಕೆ ನೀರು ಅಂದ್ರೆ ಅಷ್ಟಕ್ಕಷ್ಟೇ, ಎಣ್ಣೆ ಸ್ವಭಾವದ ಔಷಧ ಅಲ್ಲಿ ಹೋಗಿ ಕೂರತ್ತೆ. ಗ್ಲೂಕೋಸ್ ಕೈರಲ್ ಆದ್ದರಿಂದ ಬಳೆಯೂ ಕೈರಲ್ಲೇ, ನೀವೇನೂ ಹೊಸದಾಗಿ ಮಾಡ್ಬೇಕಿಲ್ಲ. ಎಡ ಬಲ ಬೇರೆ ಮಾಡೋ ಎಚ್‌ಪಿಎಲ್‌ಸಿ ಕಾಲಂಗಳಲ್ಲಿ, ಅಂದ್ರೆ ಮಿಶ್ರಣವನ್ನ ಹರಿಸಿ ಅದರಲ್ಲಿರೋದನ್ನ ಬೇರೆ ಬೇರೆ ಮಾಡೋ ಕೊಳವೆಗಳಲ್ಲಿ, ಇದನ್ನೂ ಹಾಕ್ತಾರೆ. ಆದ್ರೆ ಒಂದು ಮಾತು, ಕಾಲಂನಲ್ಲಿ ಅಣು ಸಾವಿರಾರು ಸಲ ಒಳಗೆ ಹೋಗಿ ಹೊರಗೆ ಬರತ್ತೆ, ಆ ಚಿಕ್ಕ ಚಿಕ್ಕ ವ್ಯತ್ಯಾಸ ಸೇರಿ ಸೇರಿ ದೊಡ್ಡದಾಗತ್ತೆ, ದೇಹದೊಳಗೆ ಔಷಧ ಹೊರಗೆ ಬರೋದು ಒಂದೇ ಸಲ, ಹಂಗಾಗಿ ಅಲ್ಲಿ ಕಂಡ ಚಮತ್ಕಾರ ಇಲ್ಲಿ ಕಾಣತ್ತೆ ಅಂತ ಲೆಕ್ಕ ಹಾಕ್ಬೇಡಿ. ಇದರ ನಿಜವಾದ ಶಕ್ತಿ ಕರಗಿಸೋದ್ರಲ್ಲಿ. 2021ರಲ್ಲಿ ಜನ ರೆಮ್ಡೆಸಿವಿರ್‌ಗೆ ಅಲೆದಾಡಿದ್ದು ನೆನಪಿದ್ಯಲ್ಲ, ಆ ಔಷಧದ ಮೂಲ ಬ್ರಾಂಡಿನ ಪುಡಿ ವಯಲ್ಲಲ್ಲಿ 100 ಮಿಗ್ರಾಂ ಔಷಧಕ್ಕೆ 3 ಗ್ರಾಂ ಸೈಕ್ಲೋಡೆಕ್ಸ್‌ಟ್ರಿನ್ ಇರತ್ತೆ, ಅಂದ್ರೆ ಪ್ರಯಾಣಿಕ ಒಬ್ಬ, ಬಸ್ಸು ಮೂವತ್ತು ಪಟ್ಟು ಭಾರ. ಅದು ಸಲ್ಫೋಬ್ಯುಟೈಲ್ ಅಂತ ಬಾಲ ಸೇರಿಸಿದ ಬೀಟಾ. ಬರೀ ಬೀಟಾ ನೀರಲ್ಲಿ ಲೀಟರಿಗೆ 18 ಗ್ರಾಂ ಚಿಲ್ಲರೆ ಅಷ್ಟೇ ಕರಗೋದು, ಇಂಜೆಕ್ಷನ್ನಿಗೆ ಕೊಟ್ರೆ ಕಿಡ್ನಿಗೆ ತೊಂದ್ರೆ, ಅದಕ್ಕೇ ಬಾಲ ಬೇಕು.

ಕೈರಲ್ ಮೀಸೋಪೋರಸ್ ಸಿಲಿಕಾ, ಅಂದ್ರೆ ಸಣ್ಣ ಸಣ್ಣ ತೂತುಗಳಿರೋ ಸಿಲಿಕಾ, ನೋಡೋಕೆ ಮಾತ್ರ ಇದಕ್ಕಿಂತ ಚಂದ. 2004ರಲ್ಲಿ ಶಾಂಘೈನ ಚೆ ಶುನಾಯ್ ಅವರ ಗುಂಪು ನೇಚರ್ ಪತ್ರಿಕೆಯಲ್ಲಿ ಹಾಕಿದ್ದು, ಅಲನಿನ್ ಅಮೈನೋ ಆಮ್ಲದಿಂದ ಮಾಡಿದ ಸೋಪಿನಂಥ ಅಣುವನ್ನ ಅಚ್ಚಾಗಿ ಇಟ್ಕೊಂಡು ಅದರ ಸುತ್ತ ಸಿಲಿಕಾ ಕಟ್ಟಿ, ಆಮೇಲೆ ಅಚ್ಚು ತೆಗೆದ್ರೆ ಚಕ್ಕುಲಿ ಹಿಟ್ಟು ಹಿಂಡಿ ತಿರುಚಿದಂಗೆ ತಿರುಚಿಕೊಂಡ ಕಡ್ಡಿಗಳು, ಒಳಗಿನ ತೂತುಗಳೂ ತಿರುಚಿಕೊಂಡೇ ಇರ್ತವೆ. ಮೈಕ್ರೋಸ್ಕೋಪ್ ಫೋಟೋ ಹಾಕಿದ್ರೆ ಪ್ರೆಸೆಂಟೇಷನ್ನಲ್ಲಿ ಎಲ್ಲರೂ ವಾವ್ ಅಂತಾರೆ. ತೊಂದರೆ ಏನಂದ್ರೆ ಎಡಕ್ಕೆ ತಿರುಚಿದ್ದು ಬಲಕ್ಕೆ ತಿರುಚಿದ್ದು ಒಂದೇ ಪುಡೀಲಿ ಬೆರೆತಿರತ್ತೆ, ಒಂದು ಜಾಸ್ತಿ ಇನ್ನೊಂದು ಕಮ್ಮಿ ಅಷ್ಟೇ. ಲೋಡಿಂಗ್, ಅಂದ್ರೆ ಔಷಧ ತುಂಬ್ಕೊಳ್ಳೋದು, ಮಾತ್ರ ಭರ್ಜರಿ, ಆ ವಿಷಯಕ್ಕೆ ಬಂದ್ರೆ ಸೈಕ್ಲೋಡೆಕ್ಸ್‌ಟ್ರಿನ್ ಹತ್ರಕ್ಕೂ ಬರಲ್ಲ.

ಈಗ ನನ್ನ ಖಾಸಗಿ ಅಭಿಪ್ರಾಯ. ಕಣದಿಂದ ಔಷಧದ ಕೈ ಆರಿಸೋ ಕೆಲಸ ಮಾಡಿಸೋದು ಬಹಳ ಸಲ ಸುಮ್ನೆ ಕಸರತ್ತು. ಬಿಪಿಗೆ ಕೊಡೋ ಪ್ರೊಪ್ರನೊಲಾಲ್‌ನಲ್ಲಿ ಮುಖ್ಯ ಕೆಲಸ (ಬೀಟಾ ಬ್ಲಾಕ್) ಮಾಡೋದು ಎಸ್ ಕೈ, ಮಾತ್ರೆಯಲ್ಲಿ ಎರಡೂ ಇದೆ, ಸರಿ, ಎಸ್ ಮಾತ್ರ ಬೇಕು ಅಂದ್ರೆ ಎಸ್ ಅನ್ನೇ ತಂದು ಲೋಡ್ ಮಾಡಿ, ಕಣಕ್ಕೆ ಯಾಕೆ ಗಿರಣಿ ಜರಡಿ ಕೆಲಸ? ಐಬುಪ್ರೊಫೆನ್ ಆದ್ರೆ ಇನ್ನೂ ತಮಾಷೆ, ಕೆಲಸ ಮಾಡದ ಆರ್ ಕೈಯ ಒಂದು ದೊಡ್ಡ ಪಾಲನ್ನ ದೇಹವೇ ಎಸ್‌ಗೆ ತಿರುಗಿಸ್ಕೊಳ್ಳತ್ತೆ. ಥಾಲಿಡೊಮೈಡ್ ಕತೆ ಎಲ್ಲರೂ ಅರ್ಧ ಹೇಳ್ತಾರೆ, 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಂತು, ಗರ್ಭಿಣಿಯರೂ ತಗೊಂಡ್ರು, ಹುಟ್ಟಿದ ಸಾವಿರಾರು ಮಕ್ಕಳಿಗೆ ಕೈಕಾಲು ಬೆಳೀಲಿಲ್ಲ, 1961ರಲ್ಲಿ ವಾಪಸ್ ತಗೊಂಡ್ರು, ಒಂದು ಕೈ ಒಳ್ಳೇದು ಒಂದು ಕೈ ಕೆಟ್ಟದ್ದು ಅಂತ. ಉಳಿದರ್ಧ ಏನಂದ್ರೆ, ಬರೀ ಒಳ್ಳೆ ಕೈ ಕೊಟ್ಟಿದ್ರೂ ಅದು ದೇಹದೊಳಗೆ ಇನ್ನೊಂದಾಗಿ ತಿರುಗ್ತಿತ್ತು. ವಯಲ್ಲಲ್ಲಿ ಶುದ್ಧ ಇದ್ದಿದ್ದು ರಕ್ತದಲ್ಲೂ ಶುದ್ಧ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ.

ನಿಧಾನಕ್ಕೆ ಕರಗ್ಬೇಕಾ ಬೇಗನಾ: ಪಾಲಿಲ್ಯಾಕ್ಟೈಡ್

ಕೈರಲ್ ನ್ಯಾನೋ ಅಂದ ತಕ್ಷಣ ಎಲ್ಲರ ಕಣ್ಣು ಚಿನ್ನದ ಮೇಲೆ ಹೋಗತ್ತೆ, ಆದ್ರೆ ನನ್ನ ಕೇಳಿದ್ರೆ ಕೈರಾಲಿಟಿ ನಿಜವಾಗ್ಲೂ ದುಡಿದು ಅನ್ನ ತಿನ್ನೋದು ಇಲ್ಲಿ. ಲ್ಯಾಕ್ಟಿಕ್ ಆಮ್ಲಕ್ಕೆ ಎರಡು ಕೈ. ಓಡಿದಾಗ ನಮ್ಮ ಸ್ನಾಯುವಲ್ಲಿ ಆಗೋದು ಎಲ್. ಮೊಸರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆದಿದೆ ಅನ್ನೋದ್ರ ಮೇಲೆ ಎಲ್ಲೋ ಡಿಯೋ ಎರಡೂನೋ. ಇದನ್ನ ಸರ ಪೋಣಿಸಿದ್ರೆ ಪಾಲಿಲ್ಯಾಕ್ಟೈಡ್.

ಬರೀ ಎಲ್ ಪೋಣಿಸಿದ್ರೆ ಸರಗಳು ಅಚ್ಚುಕಟ್ಟಾಗಿ ಜೋಡಿಸ್ಕೊಂಡು ಹರಳಾಗ್ತವೆ, 170ರಿಂದ 180 ಡಿಗ್ರಿ ಬಿಸಿಗೆ ಕರಗತ್ತೆ, ದೇಹದೊಳಗೆ ನೀರು ಒಳಗೆ ನುಗ್ಗೋಕೆ ಜಾಗ ಸಿಗದೇ ಪೂರ್ತಿ ಹೋಗೋಕೆ ಎರಡು ವರ್ಷದ ಮೇಲೂ ತಗೊಳ್ಳತ್ತೆ. ಎಲ್ಲೂ ಡಿಯೂ ಕಲಸಿ ಪೋಣಿಸಿದ್ರೆ ಎಡಗಾಲು ಬಲಗಾಲು ಚಪ್ಪಲಿ ಗುಡ್ಡೆ ಹಾಕಿದಂಗೆ, ಜೋಡಣೆ ಇಲ್ಲ, ಹರಳಿಲ್ಲ, ನೀರು ಸುಲಭಕ್ಕೆ ನುಗ್ಗತ್ತೆ, ಬೇಗ ಕರಗತ್ತೆ. ಗ್ಲೈಕಾಲಿಕ್ ಆಮ್ಲ ಅರ್ಧಕ್ಕರ್ಧ ಸೇರಿಸಿ ಪಿಎಲ್‌ಜಿಎ ಮಾಡಿದ್ರೆ ಒಂದೆರಡು ತಿಂಗಳಿಗೆ ಇಳಿಯತ್ತೆ, ಮತ್ತೆ ಆ ಪಿಎಲ್‌ಜಿಎನಲ್ಲಿ ಸಾಮಾನ್ಯವಾಗಿ ಇರೋ ಲ್ಯಾಕ್ಟಿಕ್ ಭಾಗ ಎರಡೂ ಕೈ ಬೆರೆತದ್ದೇ. ಅಂದ್ರೆ ಇಲ್ಲಿ ಬೇಕಂತಲೇ ಕೈ ಕಲಸೋದು. ಶುದ್ಧ ಇದ್ರೇನೇ ಒಳ್ಳೇದು ಅನ್ನೋ ಭ್ರಮೆ ಇರೋರು ಇದನ್ನ ಒಂದ್ಸಲ ಯೋಚ್ನೆ ಮಾಡಿ.

ಮೂರನೇ ಆಟ ಇನ್ನೂ ಚೆನ್ನಾಗಿದೆ. ಎಲ್ ಸರ ಬೇರೆ, ಡಿ ಸರ ಬೇರೆ ಮಾಡಿ ಎರಡನ್ನೂ ಬೆರೆಸಿದ್ರೆ ನಮಸ್ಕಾರಕ್ಕೆ ಎರಡು ಅಂಗೈ ಸೇರಿಸಿದಂಗೆ ಗಟ್ಟಿಯಾಗಿ ಕೂತ್ಕೋತವೆ, ಕರಗೋ ಬಿಸಿ 230 ಡಿಗ್ರಿ ಹತ್ರಕ್ಕೆ ಏರತ್ತೆ. 1987ರಲ್ಲಿ ಜಪಾನಿನ ಇಕಾಡಾ ಮತ್ತೆ ಅವರ ಜೊತೆಯವ್ರು ತೋರ್ಸಿದ್ದು, ಸ್ಟೀರಿಯೋಕಾಂಪ್ಲೆಕ್ಸ್ ಅಂತಾರೆ. ಮೈಸೆಲ್ (ಅಣುಗಳು ತಾವೇ ಗುಂಪಾಗಿ ಆಗೋ ಪುಟ್ಟ ಉಂಡೆ) ಮಾಡಿ ರಕ್ತಕ್ಕೆ ಬಿಟ್ಟ ತಕ್ಷಣ ಬಿಚ್ಕೊಂಡು ಔಷಧ ಎಲ್ಲಾ ಒಟ್ಟಿಗೆ ಸುರಿದುಹೋಗ್ತಿದೆ ಅನ್ನೋ ಸಮಸ್ಯೆ ನಿಮ್ದಾದ್ರೆ ಮೊದ್ಲು ಇದನ್ನ ಟ್ರೈ ಮಾಡಿ. ಒಂದೇ ಎಚ್ಚರ, ಡಿ-ಲ್ಯಾಕ್ಟಿಕ್ ಆಮ್ಲವನ್ನ ದೇಹ ಎಲ್‌ಗಿಂತ ನಿಧಾನಕ್ಕೆ ಸುಡತ್ತೆ, ನ್ಯಾನೋ ಡೋಸಿಗೆ ಅದು ದೊಡ್ಡ ವಿಷಯ ಅಲ್ಲ, ಆದ್ರೆ ರಿವ್ಯೂವರ್ ಕೇಳೇ ಕೇಳ್ತಾರೆ.

1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲ್ಯುಪ್ರೊಲೈಡ್ ಅನ್ನೋ ಪ್ರಾಸ್ಟೇಟ್ ಕ್ಯಾನ್ಸರ್ ಔಷಧದ ತಿಂಗಳ ಇಂಜೆಕ್ಷನ್ ನೋಡಿ, ಅದು ಮೈಕ್ರಾನ್ ಸೈಜಿನದ್ದು, ನ್ಯಾನೋ ಅಲ್ಲ, ಆದ್ರೂ ಪಾಠಕ್ಕೆ ಚೆನ್ನಾಗಿದೆ. ಹೊರಗಿನ ಪಿಎಲ್‌ಜಿಎನಲ್ಲಿ ಕೈ ಕಲಸಿ ಕರಗೋ ವೇಗ ಹೊಂದಿಸಿದಾರೆ, ಒಳಗಿನ ಪೆಪ್ಟೈಡಲ್ಲಿ (ಅಮೈನೋ ಆಮ್ಲಗಳ ಚಿಕ್ಕ ಸರ) ಒಂದೇ ಒಂದು ಕಡೆ ಎಲ್ ಬದ್ಲು ಡಿ-ಲ್ಯೂಸಿನ್ ಇಟ್ಟು ಎನ್‌ಜೈಮ್ ಹಲ್ಲಿಗೆ ಸಿಗದಂಗೆ ಮಾಡಿದಾರೆ. ಕೈರಲ್ ಅಂತ ಡಬ್ಬಿ ಮೇಲೆ ಎಲ್ಲೂ ದೊಡ್ಡಕ್ಕೆ ಬರ್ದಿಲ್ಲ.

ಎನ್‌ಜೈಮಿಂದ ತಪ್ಪಿಸ್ಕೋಬೇಕಾ: ಡಿ-ಪೆಪ್ಟೈಡ್, ಎಲ್-ಡಿಎನ್‌ಎ

ಹೊಟ್ಟೆ, ರಕ್ತ ಎಲ್ಲಾ ಕಡೆ ಇರೋ ಪ್ರೋಟೀನ್ ಕತ್ತರಿಸೋ ಎನ್‌ಜೈಮುಗಳು ಎಲ್ ನೋಡಿ ಕಲ್ತಿರೋವು. ಡಿ ಬಂದ್ರೆ ಕತ್ರಿ ಕೂರಲ್ಲ. ಸೊಮಾಟೊಸ್ಟಾಟಿನ್ ಅನ್ನೋ ಹಾರ್ಮೋನ್ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧ ಹೋಗ್ಬಿಡತ್ತೆ, ಅದನ್ನ ಚಿಕ್ಕದು ಮಾಡಿ ಎರಡು ಡಿ-ಅಮೈನೋ ಆಮ್ಲ ಸೇರಿಸಿ ಮಾಡಿದ ಆಕ್ಟ್ರಿಯೋಟೈಡ್ ಒಂದೂವರೆ ಗಂಟೆ ಹತ್ರ ನಿಲ್ಲತ್ತೆ. ಅದರ ತಂಗಿ ಲ್ಯಾನ್ರಿಯೋಟೈಡ್ ಇನ್ನೂ ಚಾಲಾಕಿ, ನೀರಲ್ಲಿ ಹಾಕಿದ್ರೆ ತಾನಾಗೇ ಸುತ್ತಿಕೊಂಡು 24 ನ್ಯಾನೋಮೀಟರ್ ಅಗಲದ ಟ್ಯೂಬ್ ಆಗತ್ತೆ, ಗಟ್ಟಿ ಜೆಲ್ ಆಗತ್ತೆ, ಚರ್ಮದ ಕೆಳಗೆ ಚುಚ್ಚಿದ್ರೆ ತಿಂಗಳಿಗೆ ಒಂದೇ ಸಲ ಸಾಕು. ಹೊರೋ ಕಣವೂ ಅದೇ, ಹೊರೆಯೂ ಅದೇ. ಪೆಪ್ಟೈಡ್ ನ್ಯಾನೋ ಮಾಡೋರು ಮೊದ್ಲು ಓದ್ಬೇಕಾಗಿದ್ದು ಇದನ್ನ.

ಆದ್ರೆ ಪೂರ್ತಿ ಡಿ ಮಾಡ್ಬಿಡೋಣ ಅಂತ ಹಾರ್ಬೇಡಿ. ನಿಮ್ಮ ಪೆಪ್ಟೈಡ್ ಕ್ಯಾನ್ಸರ್ ಸೆಲ್ಲಿನ ರಿಸೆಪ್ಟರ್ ಹುಡುಕ್ಕೊಂಡು ಹೋಗೋ ಕೆಲಸಕ್ಕೆ ಇರೋದಾದ್ರೆ, ಡಿ ಮಾಡಿದ ತಕ್ಷಣ ಕೀಲಿ ಬೀಗಕ್ಕೆ ಕೂರದೇ ಹೋಗಬಹುದು. ಎಲ್ಲಿ ಎನ್‌ಜೈಮ್ ಕಚ್ಚತ್ತೋ ಅಲ್ಲಿ ಮಾತ್ರ ಒಂದೆರಡು ಬದಲಾಯಿಸೋದೇ ಜಾಣತನ. ಎಲ್-ಡಿಎನ್‌ಎ ಕೂಡ ಇದೇ ತರ್ಕ, ಡಿಎನ್‌ಎ ಕತ್ತರಿಸೋ ನ್ಯೂಕ್ಲಿಯೇಸ್ ಎನ್‌ಜೈಮ್ ಮುಟ್ಟಲ್ಲ, ಟೆಟ್ರಾಹೆಡ್ರನ್ ಥರ ಚೌಕಟ್ಟು ಕಟ್ಟೋಕೆ ಸೂಪರ್, ಆದ್ರೆ ನಮ್ಮ ದೇಹದ ಆರ್‌ಎನ್‌ಎ ಜೊತೆ ಅದು ಜೋಡಿ ಆಗಲ್ಲ, ಹಾಗಾಗಿ ಜೀನ್ ಬಾಯಿ ಮುಚ್ಚಿಸೋ ಕೆಲಸಕ್ಕೆ ಅದನ್ನೇ ಔಷಧ ಅಂತ ಇಟ್ರೆ ಏನೂ ನಡೆಯಲ್ಲ. ಬೆಲೆ? ಕೊಟೇಷನ್ ತರಿಸಿ ನೋಡಿ, ಆಮೇಲೆ ಒಂದು ಲೋಟ ನೀರು ಕುಡೀರಿ.

ಮೇಲ್ಮೈ ಅಂಟಿಗೆ: ಚಿನ್ನ, ಮತ್ತೆ ನನ್ನ ಪೆದ್ದುತನ

ಚಿನ್ನದಲ್ಲಿ ಎರಡು ಜಾತಿ ಇದೆ, ಅದನ್ನ ಬೇರೆ ಬೇರೆ ಇಟ್ಟೇ ಮಾತಾಡ್ಬೇಕು. ಒಂದು, ಮಾಮೂಲಿ ದುಂಡಗಿನ ಕಣ, ಮೇಲೆ ಎಲ್ಲೋ ಡಿಯೋ ಸಿಸ್ಟೀನ್, ಗ್ಲುಟಾಥಯೋನ್, ಇಂಥದ್ದು ಹೊದ್ದಿಸಿರೋದು. ಇಲ್ಲಿ ಕಣ ಕೈರಲ್ ಅಲ್ಲ, ಹಾಕ್ಕೊಂಡಿರೋ ಶರ್ಟ್ ಕೈರಲ್. ಎರಡನೇದು ಕಣದ ಮೈಯೇ ತಿರುಚಿರೋದು. 2018ರಲ್ಲಿ ಸೋಲ್ ನ್ಯಾಷನಲ್ ಯೂನಿವರ್ಸಿಟಿಯ ಕಿ ತೇ ನಾಮ್ ಗುಂಪು ಸಿಸ್ಟೀನ್, ಗ್ಲುಟಾಥಯೋನ್ ಹಾಕಿ ಬೆಳೆಸಿದ ಚಿನ್ನದ ಕಣಗಳ ಪ್ರತಿ ಮುಖದಲ್ಲೂ ಫ್ಯಾನ್ ರೆಕ್ಕೆ ಥರ ಸುಳಿ ಬಂದಿತ್ತು, ಎಡಸುತ್ತು ಬಲಸುತ್ತು ಬೆಳಕನ್ನ ಎಷ್ಟು ಬೇರೆ ಬೇರೆಯಾಗಿ ಹೀರತ್ತೆ ಅಂತ ಅಳೆಯೋ ಜಿ-ಫ್ಯಾಕ್ಟರ್ 0.2, ಬಿಡಿ ಅಣುಗಳಲ್ಲಿ ಸಾಮಾನ್ಯವಾಗಿ ಇದು 0.001ರ ಆಸುಪಾಸು ಅಥವಾ ಅದಕ್ಕೂ ಕಮ್ಮಿ. ನಿಮ್ಮ ಕಣ ಯಾವ ಜಾತಿ ಅಂತ ಸಿಡಿ ಸ್ಪೆಕ್ಟ್ರಮ್, ಅಂದ್ರೆ ಇದೇ ವ್ಯತ್ಯಾಸವನ್ನ ಬೆಳಕಿನ ಬಣ್ಣ ಬಣ್ಣಕ್ಕೂ ಬರೆದ ಗ್ರಾಫ್, ನೋಡಿದ್ರೆ ಗೊತ್ತಾಗತ್ತೆ, ಸಿಗ್ನಲ್ ಬರೀ ಯುವಿ ಕಡೆ ಇದ್ರೆ ಅದು ಶರ್ಟಿಂದು, ಚಿನ್ನದ ಬಣ್ಣ ಇರೋ 520 ನ್ಯಾನೋಮೀಟರ್ ಮತ್ತದರ ಆಚೆಗೂ ಎದ್ರುಬದ್ರು ಗುಡ್ಡ ಕಣಿವೆ ಕಾಣ್ತಿದ್ರೆ ಮೈಯದ್ದು.

ಯಾವ ಕೈ ಒಳ್ಳೇದು ಅಂದ್ರೆ ಒಂದೇ ಉತ್ತರ ಇಲ್ಲ. 2020ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬಂದ ಆಲ್‌ಝೈಮರ್ ಇಲಿಗಳ ಕೆಲಸದಲ್ಲಿ ಗ್ಲುಟಾಥಯೋನ್ ಹೊದ್ದ ಚಿನ್ನ ಎರಡೂ ಕೈಯಲ್ಲಿ ಮಾಡಿ ನೋಡಿದ್ರು, ಡಿ ಹೊದ್ದಿದ್ದೇ ಆ ಕಾಯಿಲೇಲಿ ಮಿದುಳಲ್ಲಿ ಗಂಟು ಕಟ್ಟೋ ಅಮೈಲಾಯ್ಡ್ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟ್ತು, ಮಿದುಳಿಗೂ ಅದೇ ಹೆಚ್ಚು ತಲುಪಿತು. ಅದೇ ವರ್ಷ ಅಮೆರಿಕದ ಎಂಐಟಿಯ ರಾಬರ್ಟ್ ಲ್ಯಾಂಗರ್ ಅವರ ಕಡೆಯಿಂದ ಬಂದ ಸುಪ್ರಾಪಾರ್ಟಿಕಲ್ (ಚಿಕ್ಕ ಕಣಗಳು ಸೇರಿ ಆದ ದೊಡ್ಡ ಕಣ) ಕೆಲಸದಲ್ಲೂ ಡಿ ಕೈಯದ್ದು ಕ್ಯಾನ್ಸರ್ ಸೆಲ್ಲಿನ ಗೋಡೆ ದಾಟೋದ್ರಲ್ಲಿ ಮೂರು ಪಟ್ಟಿಗಿಂತ ಮುಂದೆ. ಆಯ್ತು ಡಿನೇ ಗೆದ್ದಿತು ಅಂತ ಅಂದ್ಕೊಳ್ಳೋ ಅಷ್ಟರಲ್ಲಿ 2022ರ ನೇಚರ್, ಮಿಷಿಗನ್ನಿನ ನಿಕೋಲಸ್ ಕೊಟೊವ್ ಮತ್ತೆ ಚೀನಾದ ಜಿಯಾಂಗ್‌ನಾನ್ ಯೂನಿವರ್ಸಿಟಿಯವ್ರು ಸೇರಿ ಮಾಡಿದ್ದು, ಲಸಿಕೆಗೆ ಒತ್ತಾಸೆಯಾಗಿ ಕೊಟ್ಟಾಗ ಎಡಕ್ಕೆ ತಿರುಚಿದ ಚಿನ್ನ ಬಲದ್ದಕ್ಕಿಂತ ಸಾವಿರ ಪಟ್ಟಿಗೂ ಮೇಲೆ ಕೆಲಸ ಮಾಡ್ತು ಅಂತ, ಎಚ್9ಎನ್2 ಫ್ಲೂ ವೈರಸ್ಸಿನ ಲಸಿಕೆ, ಪ್ರಯೋಗ ಇಲಿಗಳಲ್ಲಿ. ಇದು ಹೆದರಿಕೆ ಹುಟ್ಟಿಸೋ ವಿಷ್ಯವೂ ಹೌದು, ಯಾಕಂದ್ರೆ ಲಸಿಕೆಗೆ ಇಮ್ಯೂನ್ ಸಿಸ್ಟಮ್ ಎಬ್ಬಿಸೋ ಕಣ ಬೇಕು, ಕ್ಯಾನ್ಸರ್ ಔಷಧ ಸದ್ದಿಲ್ದೇ ತಲುಪಿಸೋಕೆ ಎಬ್ಬಿಸದೇ ಇರೋ ಕಣ ಬೇಕು. ಒಬ್ಬರಿಗೆ ಗೆಲುವು ಅನ್ನಿಸಿದ್ದು ಇನ್ನೊಬ್ಬರಿಗೆ ಸೈಡ್ ಎಫೆಕ್ಟ್.

ಈಗ ನನ್ನದು. ಪಿಎಚ್‌ಡಿ ಶುರುವಿನಲ್ಲಿ ಎಲ್-ಸಿಸ್ಟೀನ್ ಡಿ-ಸಿಸ್ಟೀನ್ ಎರಡರಲ್ಲೂ ಚಿನ್ನದ ಕಣ ಮಾಡಿ ಸೆಲ್ಲಿಗೆ ಹಾಕಿ ನೋಡಿದ್ರೆ ಡಿ ಸುಮಾರು ಎರಡರಷ್ಟು ಒಳಗೆ ಹೋಗಿತ್ತು. ಎರಡು ರ‍್ಯಾಕ್, ಎಲ್‌ಗೆ ನೀಲಿ ಮುಚ್ಚಳ, ಡಿಗೆ ಕೆಂಪು, ಗ್ರಾಫ್ ಎಷ್ಟು ಚೆಂದ ಬಂದಿತ್ತು ಅಂದ್ರೆ ಮನೆಗೆ ಫೋನ್ ಮಾಡಿ ಅಮ್ಮಂಗೆ ಹೇಳಿದ್ದೆ, ಅವ್ರು ಹೌದಾ ಊಟ ಆಯ್ತಾ ಅಂದ್ರು. ಲ್ಯಾಬ್ ಮೀಟಿಂಗಲ್ಲಿ ಸೀನಿಯರ್ ಒಬ್ರು ಒಂದೇ ಪ್ರಶ್ನೆ ಕೇಳಿದ್ರು, ಸೈಜ್ ಎಷ್ಟು? ಎಲ್ 31 ನ್ಯಾನೋಮೀಟರ್, ಡಿ 48. ಡಿ ಬಾಟ್ಲು ಹಳೇದು, ಮುಚ್ಚಳ ಸಡಿಲ ಇತ್ತು, ಸಿಸ್ಟೀನ್ ಗಾಳಿಗೆ ಸಿಕ್ಕಿ ಒಂದಷ್ಟು ಸಿಸ್ಟಿನ್ ಆಗಿತ್ತು, ಕಣಗಳು ದಪ್ಪ ಬೆಳೆದಿದ್ವು. ಸೆಲ್ ನೋಡಿದ್ದು ಸೈಜನ್ನ, ಕೈಯನ್ನಲ್ಲ. ಹೊಸ ಬಾಟ್ಲು ತಂದು ಸೈಜ್ ಸಮ ಮಾಡಿ ಮತ್ತೆ ನೋಡಿದಾಗ ವ್ಯತ್ಯಾಸ ಇತ್ತು, ಆದ್ರೆ ಫೋನ್ ಮಾಡಿ ಹೇಳೋ ಅಷ್ಟಿರ್ಲಿಲ್ಲ.

ಆವತ್ತಿಂದ ನನ್ನದೊಂದು ಪಟ್ಟು. ಎಲ್, ಡಿ, ಮತ್ತೆ ಎರಡೂ ಬೆರೆತ ಡಿಎಲ್, ಮೂರೂ ಒಂದೇ ದಿನ, ಒಂದೇ ನೀರಲ್ಲಿ, ಒಂದೇ ಕೈಯಿಂದ ಮಾಡೋದು. ಸೈಜ್, ಚಾರ್ಜ್, ಒಂದು ಕಣದ ಮೇಲೆ ಎಷ್ಟು ಅಣು ಕೂತಿದೆ ಅನ್ನೋದು ಮೂರರಲ್ಲೂ ಸಮ ಬರೋ ತನಕ ಸೆಲ್ ಮುಟ್ಟಂಗಿಲ್ಲ. ಎಂಡೊಟಾಕ್ಸಿನ್ ಟೆಸ್ಟ್ ಮಾಡ್ಸಿ, ಇಮ್ಯೂನ್ ಫಲಿತಾಂಶ ಅಂತ ಕುಣಿದಾಡಿದ್ದು ಬ್ಯಾಕ್ಟೀರಿಯಾ ಕಸ ಆಗಿರಬಹುದು. ಆಮೇಲೆ ಸೀರಮ್ಮಲ್ಲಿ ಇಟ್ಟು ನೋಡಿ, ರಕ್ತಕ್ಕೆ ಇಳಿದ ಕೆಲವೇ ನಿಮಿಷದಲ್ಲಿ ಪ್ರೋಟೀನುಗಳು ಬಂದು ಕಣದ ಮೇಲೆ ಮುತ್ಕೋತವೆ, ನೀವು ಕಷ್ಟಪಟ್ಟು ಹೊಲಿಸಿದ ಶರ್ಟಿನ ಮೇಲೆ ಅವು ಕಂಬಳಿ ಹೊದ್ದಿಸ್ತವೆ. ಎಲ್ ಮೇಲೆ ಕೂರೋ ಕಂಬಳಿ ಡಿ ಮೇಲೆ ಕೂರೋದಕ್ಕಿಂತ ಬೇರೆ ಇರಬಹುದು, ಎಷ್ಟೋ ಸಲ ‘ಕೈರಲ್ ಪರಿಣಾಮ’ ಅಂದ್ರೆ ಅದೇ. ಮತ್ತೆ ಚಿನ್ನ ಕರಗಲ್ಲ, ಲಿವರ್ರು ಸ್ಪ್ಲೀನಲ್ಲಿ ಹೋಗಿ ಕೂತ್ಕೊಳ್ಳತ್ತೆ, ಪದೇ ಪದೇ ಡೋಸ್ ಬೇಕಾಗೋ ಕಾಯಿಲೆಗೆ ಇದನ್ನ ಆರಿಸ್ಬೇಡಿ. ಕ್ಯಾಡ್ಮಿಯಂ ಇರೋ ಕ್ವಾಂಟಮ್ ಡಾಟಂತೂ ಬೇಡ್ವೇ ಬೇಡ, ಎಡವಾದ್ರೂ ಬಲವಾದ್ರೂ ಕ್ಯಾಡ್ಮಿಯಂ ಕ್ಯಾಡ್ಮಿಯಮ್ಮೇ.

ಲಿಪಿಡ್ ವಿಷಯ ಚಿಕ್ಕದಾಗಿ

ಎಂಆರ್‌ಎನ್‌ಎ ಕೆಲಸ ಮಾಡೋರಿಗೆ. ಎಂಆರ್‌ಎನ್‌ಎ ಲಸಿಕೆಯನ್ನ ಸುತ್ತಿ ಸೆಲ್ಲೊಳಗೆ ಮುಟ್ಟಿಸೋದು ಲಿಪಿಡ್, ಅಂದ್ರೆ ಕೊಬ್ಬಿನಂಥ ಅಣುಗಳ ಕಣ. ಫೈಜರ್ ಲಸಿಕೆಯ ಎಎಲ್‌ಸಿ-0315 ಲಿಪಿಡ್‌ನಲ್ಲಿ ಎರಡು ಕೈರಲ್ ಜಾಗ ಇದೆ, ಬಳಸೋದು ಬೆರಕೆಯನ್ನೇ. ಮಾಡರ್ನಾದ ಎಸ್‌ಎಂ-102ನಲ್ಲಿ ಕೈರಲ್ ಜಾಗವೇ ಇಲ್ಲ. ಎರಡೂ ಕೋಟಿಗಟ್ಟಲೆ ಜನರಿಗೆ ಹೋಯ್ತು. ಆದ್ದರಿಂದ ಕೈ ಇಲ್ದೇ ಕೆಲಸವೇ ಆಗಲ್ಲ ಅನ್ನೋ ವಾದ ಇಲ್ಲಿ ನಿಲ್ಲಲ್ಲ. ಅದೇ ಹೊತ್ತಿಗೆ, ಸಿ12-200 ಅನ್ನೋ ಲಿಪಿಡನ್ನ ಶುದ್ಧ ಎಸ್ ಕೈಯಲ್ಲಿ ಮಾಡಿದಾಗ ಬೆರಕೆಗಿಂತ ಹೆಚ್ಚು ಎಂಆರ್‌ಎನ್‌ಎ ತಲುಪಿಸ್ತು ಅಂತ ಇಲಿಗಳಲ್ಲಿ ಕಂಡಿದೆ, ಡಾಟ್ಯಾಪ್ ಲಿಪಿಡ್‌ನಲ್ಲಿ ಆರ್ ಕೈ ಟಿ-ಸೆಲ್ ಎಬ್ಬಿಸೋದ್ರಲ್ಲಿ ಜೋರು ಅಂತ ಅದನ್ನೇ ಕ್ಯಾನ್ಸರ್ ಲಸಿಕೆಗೆ ಬಳಸೋ ಪ್ರಯತ್ನ ನಡೆದಿದೆ. ಮೊದ್ಲು ಬೆರಕೆಯಲ್ಲಿ ಕೆಲಸ ಮಾಡ್ಸಿ, ಡೋಸ್ ಇಳಿಸ್ಬೇಕು ಅನ್ನೋ ಒತ್ತಡ ಬಂದಾಗ ಕೈ ಬೇರೆ ಮಾಡಿ, ಅಷ್ಟು ಸಾಕು.

ಸ್ಕ್ರೂ ಥರ ಹೋಗ್ಬೇಕಾ

ಇದು ನಮ್ಮ ಬೆಂಗಳೂರಿಂದು, ಹಂಗಾಗಿ ಸ್ವಲ್ಪ ಹೆಮ್ಮೆಯಿಂದಲೇ ಬರೀತೀನಿ. ಇಲ್ಲಿ ಕೈ ಇರೋದು ಅಣುವಲ್ಲಲ್ಲ, ಆಕಾರದಲ್ಲಿ. ಅಂಬರೀಶ್ ಘೋಷ್ ಮತ್ತೆ ಪೀರ್ ಫಿಷರ್ 2009ರಲ್ಲಿ ಹಾರ್ವರ್ಡ್‌ನಲ್ಲಿದ್ದಾಗ ಗಾಜಿನಂಥ ಸಿಲಿಕಾದಲ್ಲಿ ಸುರುಳಿ ಮಾಡಿ, 1-2 ಮೈಕ್ರಾನ್ ಉದ್ದ, ಅದಕ್ಕೆ ಅಯಸ್ಕಾಂತೀಯ ಲೋಹ ಬಳಿದು, ಹೊರಗಿನಿಂದ ಮ್ಯಾಗ್ನೆಟ್ ಫೀಲ್ಡ್ ತಿರುಗಿಸಿ ಈಜಾಡಿಸಿದ್ರು. ಆ ಸೈಜಿಗೆ ನೀರು ಅಂದ್ರೆ ಬೆಲ್ಲದ ಪಾಕ ಇದ್ದಂಗೆ, ಮೀನಿನ ಥರ ಬಾಲ ಆಡಿಸಿದ್ರೆ ಇದ್ದಲ್ಲೇ ಇರತ್ತೆ, ಸ್ಕ್ರೂ ಥರ ಕೊರ್ಕೊಂಡೇ ಹೋಗ್ಬೇಕು. ಒಂದೇ ದಿಕ್ಕಿಗೆ ತಿರುಗೋ ಫೀಲ್ಡಲ್ಲಿ ಎಡಸುರುಳಿ ಒಂದು ಕಡೆ ಹೋದ್ರೆ ಬಲಸುರುಳಿ ಅದರ ಎದುರು ಕಡೆಗೆ. ಆಮೇಲೆ ಘೋಷ್ ಐಐಎಸ್‌ಸಿಯಲ್ಲಿ ಈ ಕೆಲಸ ಮುಂದುವರಿಸಿದ್ರು. 2022ರಲ್ಲಿ ಅವರ ಗುಂಪು ಕಿತ್ತ ಹಲ್ಲುಗಳಲ್ಲಿ ಈ ಸುರುಳಿಗಳನ್ನ ಹಲ್ಲೊಳಗಿನ ಸಣ್ಣ ಕೊಳವೆಗಳಿಗೆ ಓಡಿಸಿ, ಅಲ್ಲೇ ಬಿಸಿ ಮಾಡಿ ರೂಟ್ ಕೆನಾಲ್ ಕೆಡಿಸೋ ಬ್ಯಾಕ್ಟೀರಿಯಾ ಕೊಂದು ತೋರ್ಸಿದ್ರು, ಅಲ್ಟ್ರಾಸೌಂಡ್, ಲೇಸರ್ ಸುಮಾರು 800 ಮೈಕ್ರಾನ್ ಮುಟ್ಟೋ ಕಡೆ ಇವು 2000 ಮೈಕ್ರಾನ್ ತನಕ ಹೋದ್ವು. ಔಷಧ ಹರಿದುಹೋಗೋಕೆ ರಕ್ತವೂ ಇಲ್ಲದ, ಬಾಯಿ ತೆರೆದ್ರೆ ಮ್ಯಾಗ್ನೆಟ್ ಹತ್ರ ತರೋಕೂ ಆಗೋ ಇಂಥ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಇಡೀ ದೇಹದಲ್ಲಿ ಹರಡಿರೋ ಕಾಯಿಲೆಗೆ ಅಲ್ಲ.

ಕಾರ್ಬನ್ ನ್ಯಾನೋಟ್ಯೂಬಿನ ಪೇಪರಲ್ಲೂ ‘ಕೈರಾಲಿಟಿ’ ಸಿಗತ್ತೆ, ಅದು ಚಾಪೆಯನ್ನ ಯಾವ ಓರೆಯಲ್ಲಿ ಸುತ್ತಿದೀರ ಅನ್ನೋ 6,5 ಥರದ ನಂಬರ್ ಜೋಡಿ, ಟ್ಯೂಬ್ ಲೋಹವೋ ಸೆಮಿಕಂಡಕ್ಟರೋ ಅಂತ ಹೇಳತ್ತೆ. ಔಷಧದ ಕೈಗೂ ಅದಕ್ಕೂ ನೇರ ಸಂಬಂಧ ಇಲ್ಲ, ಸರ್ಚ್ ಮಾಡುವಾಗ ಬಂದ್ರೆ ಪಕ್ಕಕ್ಕಿಡಿ.

ಈಗ ಆ ಹುಡುಗನ ವಿಷ್ಯ. ಕರ್ಕ್ಯುಮಿನ್‌ಗೆ ಕೈಯೇ ಇಲ್ಲ ಮಾರಾಯ, ಕನ್ನಡಿ ಮುಂದೆ ಹಿಡಿದ್ರೆ ಅದೇ ಅಣು. ಕೈ ಆರಿಸೋ ಸಿಲಿಕಾ ತಂದು ಕೈ ಇಲ್ಲದ ಔಷಧ ತುಂಬಿದ್ರೆ ಬಳೆ ಅಂಗಡಿಗೆ ಹೋಗಿ ಕಾಲು ಚಾಚಿದಂಗೆ. ಅದರ ನಿಜವಾದ ಕಾಯಿಲೆ ನೀರಲ್ಲಿ ಕರಗದೇ ಇರೋದು, ಬೇಗ ಕೆಟ್ಟುಹೋಗೋದು. ಅದಕ್ಕೆ ಗಾಮಾ ಸೈಕ್ಲೋಡೆಕ್ಸ್‌ಟ್ರಿನ್ ಸಾಕು, ಬಳೆ ಸ್ವಲ್ಪ ಅಗಲ, ಕರ್ಕ್ಯುಮಿನ್ ಚೆನ್ನಾಗಿ ಕೂರತ್ತೆ, ದುಡ್ಡೂ ಉಳಿಯತ್ತೆ. ಇಷ್ಟು ಬರೆದು ಕಳಿಸ್ದೆ.

ಅರ್ಧ ಗಂಟೆ ಆದ್ಮೇಲೆ ರಿಪ್ಲೈ ಬಂತು, “ಅಕ್ಕಾ, ಆದ್ರೆ ಟೈಟಲ್?”

ಸೈಕ್ಲೋಡೆಕ್ಸ್‌ಟ್ರಿನ್ ಗ್ಲೂಕೋಸಿಂದ ಮಾಡಿದ್ದು ಕಣೋ, ಹುಟ್ಟಾ ಕೈರಲ್ಲು, ಟೈಟಲ್ ಹಂಗೇ ಇರ್ಲಿ, ಸಿಲಿಕಾ ಆರ್ಡರ್ ಮಾತ್ರ ಕ್ಯಾನ್ಸಲ್ ಮಾಡು ಅಂದೆ.